ಅಟ್ಟದ ಏಣಿಯ ಬುಡದಲ್ಲಿ

ಹೋದ ವಾರ ನನ್ನ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಿದ್ದಳು. ಶಿಷ್ಯೆ ಎಂದರೆ ದೊಡ್ಡ ಮಾತಾಯಿತು, ಬಾಲವಾಡಿಯಲ್ಲಿ ನನ್ನ ಸೆರಗು ಹಿಡಿದುಕೊಂಡು ದಿನಾ ಅಳುತ್ತಿದ್ದವಳು. ಈಗ ಅವಳೇ ಅಜ್ಜಿ. ದಬ್ಬೇಘಟ್ಟದ ಹತ್ತಿರ ಅವರದು ತೋಟ. ತಿಪಟೂರಿಗೆ ಬಂದಾಗಲೆಲ್ಲ ನನ್ನ ಮನೆಗೂ ಬಂದು, ಕಾಫಿ ಕುಡಿದು, ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಿದ್ದರೂ ಒಂದು ಪೊಟ್ಟಣ ಮೈಸೂರುಪಾಕು ಕೊಟ್ಟು ಹೋಗುತ್ತಾಳೆ. ಈ ಸಲ ಒಂದು ಗೋಣಿಚೀಲವನ್ನೂ ಇಟ್ಟಳು. ಹೋಗುವಾಗ ಗೇಟಿನ ಹತ್ತಿರ ನಿಂತು ಏನೋ ಹೇಳಿದಳು. ನನಗೆ ಸರಿಯಾಗಿ ಕೇಳಿಸಲಿಲ್ಲ. ಹೂಂ ಹೂಂ ಎಂದು ತಲೆಯಾಡಿಸಿ ಕಳಿಸಿದೆ.

ಆಮೇಲೆ ಚೀಲದ ಬಾಯಿ ಬಿಚ್ಚಿದೆ. ಒಳಗೆ ಮಟ್ಟೆ ಸುಲಿಯದ ಐದಾರು ತೆಂಗಿನಕಾಯಿ. ವರ್ಷವಿಡೀ ಅಟ್ಟದ ಮೇಲೆ ಬಿದ್ದಿದ್ದು ಬೂದುಬಣ್ಣಕ್ಕೆ ತಿರುಗಿದ ಕಾಯಿಗಳು. ಹಳೆಯ ಹೊಗೆ, ನಾರಿನ ದೂಳು, ಅದರಡಿಯಲ್ಲಿ ತೆಳ್ಳಗೆ ಎಣ್ಣೆಯ ಸಿಹಿ... ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ನಾನು ನಡುಮನೆಯ ನೆಲದ ಮೇಲೆ ಕೂತುಬಿಟ್ಟೆ. ಮಂಡಿನೋವಿನವಳು ನೆಲದಲ್ಲಿ ಕೂತರೆ ಏಳುವುದು ಹೇಗೆ ಎಂಬ ಯೋಚನೆ ಕೂಡ ಬರಲಿಲ್ಲ.

ಒಂದು ಕಾಯಿ ಎತ್ತಿ ಬಲಗಿವಿಯ ಹತ್ತಿರ ಅಲ್ಲಾಡಿಸಿದೆ. ಏನೂ ಇಲ್ಲ. ಎಡಗಿವಿಗೆ ಹಿಡಿದು ಅಲ್ಲಾಡಿಸಿದೆ. ಲೊಡಲೊಡ ಎಂದಿತು. ಬಲಗಿವಿ ಮಂದವಾಗಿದೆ, ಮಿಷಿನ್ ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿ ಆರು ತಿಂಗಳಾಯಿತು. ನಾನು ಯಾರಿಗೂ ಹೇಳಿಲ್ಲ.

ಆ ಕಾಯಿ ಅಲ್ಲಾಡಿಸುವುದನ್ನು ನನಗೆ ಕಲಿಸಿದವಳು ನಮ್ಮೂರಿನ ಅಟ್ಟದಮನೆ ದೊಡ್ಡವ್ವ.

ನಮ್ಮೂರು ಹಂದನಕೆರೆಯಿಂದ ಎರಡು ಮೈಲಿ ಒಳಗೆ. ಎಲ್ಲರ ಮನೆಯಲ್ಲೂ ಅಟ್ಟವಿತ್ತು. ಆದರೆ 'ಅಟ್ಟದಮನೆ' ಎಂದರೆ ಊರಿಗೆಲ್ಲ ಒಂದೇ ಮನೆ, ನಮ್ಮ ಮನೆಯ ಎದುರಿನದು. ಅವರು ನಮಗೆ ನೆಂಟರಲ್ಲ, ನಮ್ಮ ಜಾತಿಯವರೂ ಅಲ್ಲ. ಲಿಂಗ ಕಟ್ಟಿಕೊಳ್ಳುವ ಜನ. ದೊಡ್ಡ ತೋಟ, ಜೊತೆಗೆ ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕುವ ವ್ಯಾಪಾರ. ಮನೆಯ ಉದ್ದಕ್ಕೂ ಅಟ್ಟ, ಅದರ ತುಂಬ ಕಾಯಿ. ಯಜಮಾನರು ತೀರಿಕೊಂಡ ಮೇಲೆ ಮಂಡಿ ವ್ಯವಹಾರ ಮಗ ನೋಡಿಕೊಂಡರೂ, ಅಟ್ಟದ ದೊರೆತನ ದೊಡ್ಡವ್ವನದೇ. ಎತ್ತರದ ಆಳು, ಗಟ್ಟಿ ಗಂಟಲು, ಹಣೆಯ ತುಂಬ ವಿಭೂತಿ. ಅವಳು ಬೀದಿಗೆ ಬಂದರೆ ನಾಯಿಗಳೂ ಸ್ವಲ್ಪ ಪಕ್ಕಕ್ಕೆ ಸರಿದು ಮಲಗುತ್ತಿದ್ದವು ಎಂದು ನಮ್ಮಪ್ಪ ತಮಾಷೆ ಮಾಡುತ್ತಿದ್ದ.

ನಮ್ಮ ಕಡೆ ಕೊಬ್ಬರಿ ಮಾಡುವ ರೀತಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಅವಸರ ಮಾಡಿದರೆ ಕೆಟ್ಟಿತು. ಸಂಕ್ರಾಂತಿ ಕಳೆದ ಮೇಲೆ ಕಾಯಿ ಇಳಿಸುವುದು ಶುರು. ಮೇಲಿನಿಂದ ಒಂದೊಂದೇ ಕಾಯಿ ಏಣಿಯ ಬುಡಕ್ಕೆ ಬರುತ್ತದೆ. ಅಲ್ಲಿ ಕೂತವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ 'ಆಗೈತೆ' ಅಥವಾ 'ಇಲ್ಲ' ಎಂದು ಕೂಗಬೇಕು. ಆಗಿದ್ದು ಅಂಗಳಕ್ಕೆ ಹೋಗುತ್ತದೆ, ಗಂಡಸರು ಮಟ್ಟೆ ಸುಲಿಯುತ್ತಾರೆ, ಹೆಂಗಸರು ಸುತ್ತ ಕೂತು ಮಚ್ಚಿನ ಹಿಂಭಾಗದಿಂದ ತಟ್ಟಿ ತಟ್ಟಿ ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸುತ್ತಾರೆ. ಇಲ್ಲ ಅಂದದ್ದು ಮತ್ತೆ ಅಟ್ಟ ಹತ್ತುತ್ತದೆ. ಏಣಿಯ ಬುಡದಲ್ಲಿ ಕೂತವರ ಮಾತು ತಪ್ಪಿದರೆ ಎಲ್ಲ ತಪ್ಪಿತು. ಸುಲಿದ ಹಸಿಕಾಯನ್ನು ವಾಪಸ್ ಅಟ್ಟಕ್ಕೆ ಹಾಕಿ ಒಣಗಿಸಲು ಬರುವುದಿಲ್ಲ. ಬೂಷ್ಟು ಹಿಡಿದು ಕೌಟಾಗುತ್ತದೆ. ಆ ಜಾಗದಲ್ಲಿ ದೊಡ್ಡವ್ವ ಮದುವೆಯಾಗಿ ಬಂದಾಗಿನಿಂದ ಕೂತಿದ್ದಳಂತೆ.

ನಾನು ಆಗ ಇಪ್ಪತ್ತರ ಹುಡುಗಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮದುವೆಯಾಗಿ ಎರಡು ವರ್ಷಕ್ಕೆ ನನ್ನನ್ನು ಗೌರಿಹಬ್ಬಕ್ಕೆಂದು ತವರಿಗೆ ತಂದು ಬಿಟ್ಟರು. ಹಬ್ಬ ಮುಗಿಯಿತು, ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ದೀಪಾವಳಿ ಬಂತು, ಅದೂ ಹೋಯಿತು. ಅಪ್ಪ ಎರಡು ಸಲ ಹೋಗಿ ಬಂದ. ಎರಡನೇ ಸಲ ಬಂದವನು ಕೈಕಾಲು ತೊಳೆಯದೆ ಜಗಲಿಯ ಮೇಲೆ ಕೂತೇ ಇದ್ದ. ನಿಮ್ಮ ಮಗಳು ಮೂಗಿಯ ಹಾಗೆ ಇರುತ್ತಾಳೆ, ಇಂಥವಳನ್ನು ಕಟ್ಟಿಕೊಂಡು ನಾವೇನು ಮಾಡುವುದು ಎಂದಿದ್ದರಂತೆ. ಮಗುವಾಗಿಲ್ಲ ಎಂಬುದು ನಿಜವಾದ ಕಾರಣ. ನಾನು ಹೆಚ್ಚು ಮಾತಾಡದವಳು ಎಂಬುದೂ ಸುಳ್ಳಲ್ಲ. ಆದರೆ ಆ ಮಾತು ಕಿವಿಗೆ ಬಿದ್ದ ಮೇಲೆ ನಾನು ನಿಜವಾಗಿಯೂ ಮಾತು ಬಿಟ್ಟೆ.

ಊರಿನವರು ಕೆಟ್ಟವರಲ್ಲ. ಬಾವಿಯ ಹತ್ತಿರ, ಅಂಗಡಿಯ ಹತ್ತಿರ, ಕಂಡವರೆಲ್ಲ ಅಕ್ಕರೆಯಿಂದಲೇ ಕೇಳುತ್ತಿದ್ದರು: "ಯಾವಾಗವ್ವ ಹೋಗೋದು ಊರಿಗೆ?" ಆ ಒಂದು ಪ್ರಶ್ನೆಗೆ ಹೆದರಿ ನಾನು ಬಾವಿಗೆ ಹೋಗುವುದು ಬಿಟ್ಟೆ. ಆಮೇಲೆ ಅಂಗಡಿಗೆ, ಆಮೇಲೆ ಜಗಲಿಗೆ. ಕೊನೆಗೆ ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆಯೊಂದೇ ನನಗೆ ಉಳಿಯಿತು. ಅವ್ವ ತಟ್ಟೆ ತಂದಿಟ್ಟರೆ ಉಣ್ಣುತ್ತಿದ್ದೆ, ಇಲ್ಲದಿದ್ದರೆ ಇಲ್ಲ. ತಲೆ ಬಾಚಿಕೊಳ್ಳಬೇಕು ಎನ್ನಿಸುತ್ತಿರಲಿಲ್ಲ. ನಾಲ್ಕು ತಿಂಗಳು ಹಾಗೆ ಕಳೆದೆ. ಇನ್ನಷ್ಟು ದಿನ ಹಾಗೇ ಇದ್ದಿದ್ದರೆ ಏನಾಗುತ್ತಿದ್ದೆನೋ, ಇವತ್ತಿಗೂ ನೆನೆಸಿಕೊಂಡರೆ ಹೆದರಿಕೆಯಾಗುತ್ತದೆ.

ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ದೊಡ್ಡವ್ವ ನಮ್ಮ ಮನೆಗೆ ಬಂದಳು. ಅವಳು ಯಾರ ಮನೆಗೂ ಸುಮ್ಮನೆ ಬರುವವಳಲ್ಲ. ಅವ್ವ ಗಡಿಬಿಡಿಯಿಂದ ಚಾಪೆ ಹಾಸಿದಳು. ದೊಡ್ಡವ್ವ ಕೂರಲಿಲ್ಲ.

"ನನ್ನ ಕಿವಿಗೆ ತಂಡಿ ಹೊಡೆದೈತೆ ಕಣೇ. ನಾಳೆಯಿಂದ ಕಾಯಿ ಇಳಿಸ್ಬೇಕು. ನಿನ್ನ ಮಗಳನ್ನ ಒಂದು ವಾರ ಕಳಿಸು."

"ಅವಳು ಆಚೆಗೇ ಬರಲ್ಲ ದೊಡ್ಡವ್ವ. ಯಾರ್ ಹತ್ರಾನೂ ಮಾತೇ ಆಡಲ್ಲ."

"ನಾನೇನು ಹರಿಕಥೆ ಮಾಡ್ಸಕ್ಕೆ ಕರೀತಿದೀನಾ? ಕಾಯಿ ಅಲ್ಲಾಡ್ಸಿದ್ರೆ ಸಾಕು. ಕಳಿಸು."

ಹಿಂದಿನ ಕೋಣೆಯಲ್ಲಿ ಕೂತು ನಾನು ಎಲ್ಲ ಕೇಳಿಸಿಕೊಂಡೆ. ದೊಡ್ಡವ್ವನಿಗೆ ಇಲ್ಲ ಎನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಾರನೆಯ ದಿನ ಅವ್ವ ನನಗೆ ತಲೆ ಬಾಚಿ, ರಟ್ಟೆ ಹಿಡಿದು ಬೀದಿ ದಾಟಿಸಿ ಬಿಟ್ಟುಬಂದಳು. ಬೀದಿ ಅಂದರೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಗೆ ನನಗೆ ಬೆವರು ಬಂದಿತ್ತು.

ಅಂಗಳದಲ್ಲಿ ಏಳೆಂಟು ಹೆಂಗಸರು ಕೂತಿದ್ದರು. ಎಲ್ಲರೂ ಗೊತ್ತಿದ್ದವರೇ. ದೊಡ್ಡವ್ವ ಏಣಿಯ ಬುಡದಲ್ಲಿ ತನ್ನ ಮಣೆಯ ಪಕ್ಕ ಇನ್ನೊಂದು ಮಣೆ ಹಾಕಿಸಿದ್ದಳು. ಅವರಿಗೆಲ್ಲ ಕೇಳುವ ಹಾಗೆ, "ಈ ಹುಡುಗಿಗೆ ಕೆಲಸ ಕಲಿಸ್ತಾ ಇದೀನಿ ಕಣ್ರೇ, ನೀವು ನಿಮ್ಮ ಕೆಲಸ ನೋಡ್ಕಳಿ" ಅಂದಳು. ಅವರಿಗೆ ಒಂದು, ನಮ್ಮವ್ವನಿಗೆ ಒಂದು ಹೇಳುತ್ತಿದ್ದಾಳಲ್ಲ ಎಂದು ನನಗೆ ಹೊಳೆಯಿತು. ಆದರೆ ಅದನ್ನು ಯೋಚಿಸುವಷ್ಟು ಸಮಾಧಾನ ನನ್ನಲ್ಲಿರಲಿಲ್ಲ. ಮೊದಲ ಕಾಯಿ ನನ್ನ ಕೈಗೆ ಬಂದಿತ್ತು.

ದೊಡ್ಡವ್ವ ಹೇಳಿಕೊಟ್ಟಳು. ಲೊಡಲೊಡ ಅಂದರೆ ಆಗಿದೆ. ಕುಳುಕುಳು ಅಂದರೆ ನೀರಿದೆ. ಏನೂ ಅನ್ನದಿದ್ದರೆ ನೀರು ಇಂಗಿದೆ, ತಿರುಳು ಇನ್ನೂ ಚಿಪ್ಪು ಬಿಟ್ಟಿಲ್ಲ. ಮೋಸ ಮಾಡುವ ಕಾಯಿ ಅದೇ. ನಾನು ಅಲ್ಲಾಡಿಸಿದೆ. ಲೊಡಲೊಡ ಎಂದಿತು. "ಆಗೈತೆ" ಅಂದೆ. ನನ್ನ ತುಟಿ ಮಾತ್ರ ಆಡಿರಬೇಕು.

"ಕೇಳಂಗೆ ಹೇಳೇ."

"ಆಗೈತೆ."

"ಅಂಗಳಕ್ಕೆ ಕೇಳ್ಬೇಕು. ನನಗಲ್ಲ."

ಮೂರನೇ ಸಲಕ್ಕೆ ನನ್ನ ಧ್ವನಿ ಒಡೆದು ಹೊರಗೆ ಬಂತು. ಮಟ್ಟೆ ಸುಲಿಯುವವರು ಕೈ ಚಾಚಿದರು. ಕಾಯಿ ಹೋಯಿತು, ಇನ್ನೊಂದು ಬಂತು. ಆಗೈತೆ. ಇಲ್ಲ. ಆಗೈತೆ. ಆಗೈತೆ. ನಾಲ್ಕು ತಿಂಗಳು ಮಾತು ಬಿಟ್ಟಿದ್ದವಳು ಆ ದಿನ ಎಷ್ಟು ಸಲ ಬಾಯಿ ಬಿಟ್ಟೆನೋ ಲೆಕ್ಕವಿಲ್ಲ. ಎರಡೇ ಮಾತು, ಆದರೆ ಅಷ್ಟು ಜನರ ನಡುವೆ, ಅಷ್ಟು ಜನ ಆ ಮಾತಿಗೆ ಕಾದು ಕೂತಿರುವಾಗ. ಪ್ರತಿ ಕಾಯಿಯ ಮೇಲೂ ದೊಡ್ಡವ್ವ ಒಮ್ಮೆ ಅಂಗೈ ಇಟ್ಟು ಅಲ್ಲಾಡಿಸಿ ಮುಂದಕ್ಕೆ ಕೊಡುತ್ತಿದ್ದಳು. ನನ್ನ ಮೇಲೆ ನಂಬಿಕೆಯಿಲ್ಲ, ಪರೀಕ್ಷೆ ಮಾಡುತ್ತಾಳೆ ಅಂದುಕೊಂಡೆ.

ಸಂಜೆಯ ಹೊತ್ತಿಗೆ ಎಡವಟ್ಟಾಯಿತು. ನಾನು ಆಗೈತೆ ಅಂದ ಕಾಯೊಂದನ್ನು ಕಿರಾಣಿ ಅಂಗಡಿಯವರ ಹೆಂಡತಿ ತಟ್ಟಿದಳು ನೋಡಿ, ಬುಳಕ್ಕನೆ ನೀರು ಅವಳ ಮಡಿಲಿಗೆಲ್ಲ ಸುರಿಯಿತು. ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದ್ದು ಓಡಿಹೋಗಲು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ದೊಡ್ಡವ್ವ ನನ್ನ ಮೊಣಕಾಲ ಮೇಲೆ ಕೈ ಊರಿದಳು. ಆ ಕೈ ಎತ್ತುವ ಶಕ್ತಿ ಯಾರಿಗಿತ್ತು?

"ಆ ಕಾಯಿ ಸುಳ್ಳು ಹೇಳೈತೆ ಬುಡು," ಅಂದಳು. "ಬೆಲ್ಲ ತತ್ತಾರೇ."

ಅದು ಆ ಅಂಗಳದ ಪದ್ಧತಿ ಎಂದು ಆಮೇಲೆ ಗೊತ್ತಾಯಿತು. ತಪ್ಪಿ ಒಡೆದ ಕಾಯನ್ನು ಎಸೆಯುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ. ಅಲ್ಲೇ ಹೋಳು ಮಾಡಿ ಬೆಲ್ಲದ ಜೊತೆ ಎಲ್ಲರೂ ತಿನ್ನಬೇಕು, ತಪ್ಪಿದವರೇ ಹಂಚಬೇಕು. ನಾನು ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ನಿಂತೆ. ಒದ್ದೆ ಸೀರೆಯವಳು ಎರಡು ಹೋಳು ತೆಗೆದುಕೊಂಡು, "ನಾಳೆನೂ ಒಂದು ತಪ್ಪು ಮಾಡೇ, ರುಚಿಯಾಗೈತೆ" ಅಂದಳು. ನನಗೆ ನಗು ಬಂದುಬಿಟ್ಟಿತು. ಆ ನಗುವಿನ ಸದ್ದು ನನಗೇ ಪರಕೀಯವಾಗಿತ್ತು.

ಒಂದು ವಾರ ಅಂದದ್ದು ಯುಗಾದಿಯವರೆಗೂ ನಡೆಯಿತು. ಯಾರೂ ಅದರ ಬಗ್ಗೆ ಚಕಾರವೆತ್ತಲಿಲ್ಲ. ಬೆಳಿಗ್ಗೆ ನಾನೇ ತಲೆ ಬಾಚಿಕೊಂಡು ಬೀದಿ ದಾಟತೊಡಗಿದೆ. ಅಂಗಳದ ಮಾತಿಗೆ ಕೊನೆಯಿರಲಿಲ್ಲ. ಯಾರ ಎಮ್ಮೆ ಕರು ಹಾಕಿತು, ಯಾರ ಸೊಸೆ ಮುದ್ದೆ ಕಟ್ಟಿದರೆ ಗಂಟಾಗುತ್ತದೆ, ಚಿಕ್ಕನಾಯಕನಹಳ್ಳಿಯ ಟೆಂಟಿಗೆ ಯಾವ ಸಿನಿಮಾ ಬಂತು... ನನ್ನ ಸರದಿಯ ಎರಡು ಮಾತಿನ ನಡುವೆ ಒಂದು ಮೂರನೆಯ ಮಾತು ಸೇರಿಸುವುದನ್ನು ನಾನು ಕಲಿತೆ. ಆಮೇಲೆ ನಾಲ್ಕನೆಯದು. ಒಂದು ದಿನ ಒಬ್ಬರ ನಡಿಗೆ ಅಣಕಿಸಿ ತೋರಿಸಿ ಎಲ್ಲರನ್ನೂ ನಗಿಸಿದೆ ಎಂದರೆ ನಮ್ಮವ್ವ ನಂಬಲೇ ಇಲ್ಲ.

ಆ ಪ್ರಶ್ನೆಯೂ ಒಂದು ದಿನ ಬಂತು. ಹೊಸದಾಗಿ ಸೇರಿದ ಹೆಂಗಸೊಬ್ಬಳು, ಕೆಟ್ಟದ್ದೇನೂ ಮನಸ್ಸಿನಲ್ಲಿಲ್ಲದೆ, "ಯಾವಾಗವ್ವ ನೀನು ಗಂಡನ ಮನೆಗೆ ಹೋಗೋದು?" ಅಂದಳು. ಮಚ್ಚಿನ ಸದ್ದು ನಿಂತಿತು. ನನ್ನ ಕೈಯಲ್ಲಿ ಒಂದು ಕಾಯಿ ಇತ್ತು. ನಾನು ದೊಡ್ಡವ್ವನ ಮುಖ ನೋಡಿದೆ. ಅವಳು ಏನೂ ಆಗಿಲ್ಲವೆಂಬಂತೆ ಏಣಿಯತ್ತ ನೋಡುತ್ತಿದ್ದಳು.

"ಹೋಗಲ್ಲ ಕಣ್ರೀ. ಅವರು ಕರೆಯಲ್ಲ, ನಾನೂ ಹೋಗಲ್ಲ," ಅಂದೆ. ಅಂಗಳಕ್ಕೆಲ್ಲ ಕೇಳಿಸಿತು.

"ಮುಂದಿನ ಕಾಯಿ," ಅಂದಳು ದೊಡ್ಡವ್ವ.

ಅಷ್ಟೇ. ಮುಂದಿನ ಕಾಯಿ ಬಂತು, ಅಲ್ಲಾಡಿಸಿದೆ, ಆಗೈತೆ ಅಂದೆ. ಮಚ್ಚುಗಳು ಮತ್ತೆ ತಟ್ಟತೊಡಗಿದವು. ಆಕಾಶ ಕಳಚಿ ಬೀಳಲಿಲ್ಲ. ನಾಲ್ಕು ತಿಂಗಳು ಯಾವ ಪ್ರಶ್ನೆಗೆ ಹೆದರಿ ಕೋಣೆ ಸೇರಿದ್ದೆನೋ ಅದಕ್ಕೆ ಉತ್ತರ ಹೇಳಿಯಾಗಿತ್ತು. ನನ್ನ ಉತ್ತರವನ್ನು ಅಷ್ಟು ಸಹಜವಾಗಿ ತೆಗೆದುಕೊಂಡ ದೊಡ್ಡವ್ವನ ದೊಡ್ಡತನಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಆ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಹೋಗಲಿಲ್ಲ. ಏಣಿಯ ಬುಡದಲ್ಲಿ ದೊಡ್ಡವ್ವನ ಪಕ್ಕದಲ್ಲೇ ಕೂತು, ಯಾರಿಗೂ ಹೇಳದ್ದನ್ನೆಲ್ಲ ಅವಳಿಗೆ ಹೇಳಿದೆ. ಗಂಡನ ಮನೆಯಲ್ಲಿ ನನ್ನ ಎದುರಿಗೇ ಬೇರೆ ಹೆಣ್ಣು ನೋಡುವ ಮಾತಾಡಿದ್ದು, ಹಬ್ಬಕ್ಕೆ ಹೊರಟಾಗ ನನ್ನ ಟ್ರಂಕಿನಲ್ಲಿ ಎಲ್ಲ ಸೀರೆಗಳನ್ನೂ ಅತ್ತೆಯೇ ಜೋಡಿಸಿಟ್ಟದ್ದು, ಅದನ್ನು ಕಂಡಾಗಲೇ ನನಗೆ ಗೊತ್ತಾಗಿದ್ದರೂ ಬಾಯಿ ಬಿಡದೆ ಬಸ್ಸು ಹತ್ತಿದ್ದು. ತಗ್ಗಿದ ಧ್ವನಿಯಲ್ಲಿ, ನೆಲ ನೋಡಿಕೊಂಡು, ಬಹಳ ಹೊತ್ತು ಹೇಳಿದೆ. ಕೊನೆಗೆ ಅತ್ತುಬಿಟ್ಟೆ. ದೊಡ್ಡವ್ವ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ನಡುನಡುವೆ ಹೂಂ, ಹೂಂ ಎನ್ನುತ್ತಿದ್ದಳು. ಒಂದು ಪ್ರಶ್ನೆ ಕೇಳಲಿಲ್ಲ, ಒಂದು ಬುದ್ಧಿಮಾತು ಹೇಳಲಿಲ್ಲ. ನನ್ನ ಅಳು ಮುಗಿದ ಮೇಲೆ ತನ್ನ ಸೆರಗಿನಿಂದ ನನ್ನ ಮುಖ ಒರೆಸಿ, "ನಡಿ, ಉಣ್ಣು" ಅಂದಳು. ಎಷ್ಟೋ ದಿನಗಳ ಮೇಲೆ ಅವತ್ತು ನನಗೆ ಹೊಟ್ಟೆ ಹಸಿದಿತ್ತು. ಅವರ ಮನೆಯಲ್ಲೇ ಎರಡು ಮುದ್ದೆ ಉಂಡೆ.

ಮುಂದಿನ ವರ್ಷವೂ ಏಣಿಯ ಬುಡದಲ್ಲಿ ನನಗೆ ಮಣೆ ಬಿತ್ತು. ದೊಡ್ಡವ್ವನ ತಂಡಿ ವರ್ಷವಾದರೂ ವಾಸಿಯಾಗಿಲ್ಲವಲ್ಲ ಎಂದು ನಾನು ಕೇಳಲಿಲ್ಲ. ನನ್ನನ್ನು ಕರೆಯುವುದಕ್ಕೆ ಅದೊಂದು ನೆಪ ಎಂದು ಅಷ್ಟರಲ್ಲಿ ನಾನೇ ತೀರ್ಮಾನಿಸಿಕೊಂಡಿದ್ದೆ. ನನಗಾಗಿ ಕಿವುಡು ನಟಿಸುತ್ತಿದ್ದಾಳೆ, ಎಂಥ ಬುದ್ಧಿವಂತೆ! ಈ ತೀರ್ಮಾನ ನನಗೆ ಬಹಳ ಹಿತವಾಗಿತ್ತು. ಅದನ್ನು ಎಷ್ಟೋ ವರ್ಷ ಕಂಡವರಿಗೆಲ್ಲ ಕಥೆ ಮಾಡಿ ಹೇಳಿದೆ.

ಆ ವರ್ಷದ ಮಳೆಗಾಲದ ಮೊದಲಲ್ಲೇ ಬಾಲವಾಡಿಗೆ ಟೀಚರ್ ಬೇಕೆಂದು ಗೊತ್ತಾಯಿತು. ಎಸ್ಸೆಸ್ಸೆಲ್ಸಿ ಆಗಿದ್ದ ನನಗೆ ಅಪ್ಪ ಅರ್ಜಿ ಹಾಕಿಸಿದ. ಚಿಕ್ಕನಾಯಕನಹಳ್ಳಿಯಲ್ಲಿ ಇಂಟರ್‌ವ್ಯೂ. ಮೇಜಿನ ಹಿಂದೆ ಮೂವರು ಕೂತಿದ್ದರು. ಮಕ್ಕಳಿಗೆ ಹೇಳುವ ಹಾಗೆ ಒಂದು ಕಥೆ ಹೇಳಮ್ಮ ಅಂದರು. ಮೂಗಿ ಎಂಬ ಹಳೆಯ ಮಾತು ಎಲ್ಲಿತ್ತೋ ಎದ್ದು ಬಂತು. ಆಗ ನನ್ನ ಮೊಣಕಾಲ ಮೇಲೆ ದೊಡ್ಡವ್ವನ ಕೈ ಇದ್ದ ಹಾಗಾಯಿತು. ಕೇಳಂಗೆ ಹೇಳೇ. ನಾನು ಬಾಯಿ ಬಿಟ್ಟೆ. ಸುಳ್ಳು ಹೇಳಿದ ತೆಂಗಿನಕಾಯಿಯ ಕಥೆ ಕಟ್ಟಿ ಹೇಳಿದೆ. ಪಕ್ಕದ ಕೋಣೆಯ ಗುಮಾಸ್ತರು ಇಣುಕಿ ನೋಡುವಷ್ಟು ಗಟ್ಟಿಯಾಗಿ ಹೇಳಿದೆ. ಆ ಕೆಲಸ ಸಿಕ್ಕಿತು. ತುರುವೇಕೆರೆ ಕಡೆಯ ಹಳ್ಳಿಗೆ ಹಾಕಿದರು.

ಹೊರಡುವ ದಿನ ದೊಡ್ಡವ್ವ ಬಸ್ಸಿನವರೆಗೂ ಬಂದಳು. ಅದೂ ಊರಿಗೆ ಒಂದು ಸುದ್ದಿಯೇ. ನನ್ನ ಟ್ರಂಕು ಮೇಲೆ ಹೋಯಿತು. ಕಿಟಕಿಯ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅದೂ ಇದೂ ಹೇಳುತ್ತಿದ್ದೆ, ಅವಳು ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ.

"ಸಂಕ್ರಾಂತಿಗೆ ಬತ್ತೀಯಾ? ಕಾಯಿ ಇಳಿಸಕ್ಕೆ?" ಅಂದಳು.

"ಬತ್ತೀನಿ ದೊಡ್ಡವ್ವ."

ನಾನು ಹೋಗಲಿಲ್ಲ. ಹೋಗಬಾರದೆಂದಲ್ಲ. ಬಾಲವಾಡಿಗೆ ಹಬ್ಬದ ದಿನ ಒಂದು ಬಿಟ್ಟರೆ ರಜವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೊಂದು ಹೊಸ ಊರು ಸಿಕ್ಕಿತ್ತು. ಅಲ್ಲಿ ನನ್ನನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು, ಆ ಹಳೆಯ ಪ್ರಶ್ನೆ ಕೇಳುವವರೇ ಇರಲಿಲ್ಲ. ಮಕ್ಕಳು, ಅವರ ತಾಯಂದಿರು, ಹಿಟ್ಟಿನ ಗಿರಣಿಯ ಹತ್ತಿರದ ಹರಟೆ... ನನ್ನ ಸುತ್ತ ಇನ್ನೊಂದು ಅಂಗಳ ಬೆಳೆಯಿತು. ಬೆಳೆಸಿಕೊಳ್ಳುವುದನ್ನು ನಾನು ಕಲಿತಿದ್ದೆನಲ್ಲ. ಒಂದು ವರ್ಷ ಹೋಗಲಾಗಲಿಲ್ಲ, ಇನ್ನೊಂದು ವರ್ಷವೂ ಹಾಗೇ ಆಯಿತು.

ಮೂರು ವರ್ಷದ ಮೇಲೆ ತಮ್ಮನ ಮದುವೆಗೆ ಊರಿಗೆ ಹೋದಾಗ ದೊಡ್ಡವ್ವನನ್ನು ಕಂಡೆ. ಅಂಗಳದಲ್ಲಿರಲಿಲ್ಲ, ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ತಲೆ ಬಾಚಿರಲಿಲ್ಲ. ವಯಸ್ಸಾಯಿತು ಎಂದುಕೊಂಡೆ. ಬಸ್ಸಿಗೆ ಹೊತ್ತಾಗಿತ್ತು. ನಿಂತುಕೊಂಡೇ ಮಾತಾಡಿದೆ. ಅವಳು ನನ್ನ ಕೈ ಹಿಡಿದುಕೊಂಡು ನಗುತ್ತಾ ಹೂಂ ಹೂಂ ಅಂದಳು. "ಈ ಸಲ ಇರ್ತೀಯಾ ಕಣೇ, ಕಾಯಿ ಇಳಿಸೋಗಂಟ?" ಅಂದಳು. ಇಲ್ಲ ದೊಡ್ಡವ್ವ, ಮುಂದಿನ ಸಲ ಎಂದೆ. ಕೈ ಬಿಡಿಸಿಕೊಂಡೆ. ಈಗ ಆ ಕೈ ಬಿಡಿಸಿಕೊಂಡದ್ದೇ ಮತ್ತೆ ಮತ್ತೆ ನೆನಪಾಗುತ್ತದೆ.

ಮುಂದಿನ ಸಲ ಅಂದರೆ ಅವಳು ತೀರಿಕೊಂಡ ಸುದ್ದಿ ಬಂದಾಗ. ಮಣ್ಣಿಗೆ ಹೋಗಲಾಗಲಿಲ್ಲ, ಹದಿನೈದು ದಿನದ ಮೇಲೆ ಹೋದೆ. ಅವಳ ಸೊಸೆ ನನ್ನನ್ನು ಏಣಿಯ ಹತ್ತಿರವೇ ಕೂರಿಸಿ ಮಜ್ಜಿಗೆ ಕೊಟ್ಟಳು. ದೊಡ್ಡವ್ವ ನನಗಾಗಿ ಕಿವುಡು ನಟಿಸಿದ ಕಥೆಯನ್ನು ನಾನು ಅವಳಿಗೂ ಹೇಳತೊಡಗಿದೆ. ಅವಳು ನಡುವೆಯೇ ತಡೆದಳು.

"ನಟನೆ ಏನಿಲ್ಲ ಅಕ್ಕ. ನಮ್ಮತ್ತೆಗೆ ನಿಜವಾಗ್ಲೂ ಕಿವಿ ಹೋಗಿತ್ತು. ಕೂಗಿದ್ರೆ ಒಂಚೂರು, ಮೆತ್ತಗೆ ಆಡಿದ್ರೆ ಏನೇನೂ ಇಲ್ಲ. ನಮಗೂ ಗೊತ್ತಾಗದಂಗೆ ಇದ್ರು."

ನೀವು ಊರು ಬಿಟ್ಟ ಮೇಲಿನ ಮೊದಲ ಸಂಕ್ರಾಂತಿಗೆ ಗೊತ್ತಾಯಿತು ಎಂದು ಹೇಳಿದಳು. ಆ ಸಂಕ್ರಾಂತಿಗೆ ದೊಡ್ಡವ್ವ ಒಬ್ಬಳೇ ಏಣಿಯ ಬುಡದಲ್ಲಿ ಕೂತಳಂತೆ. ಅಂಗೈಯಲ್ಲಿ ಅದುರುವುದನ್ನು ನೋಡಿಯೇ ಆಗೈತೆ, ಇಲ್ಲ ಎಂದು ಕೂಗಿದಳಂತೆ. ಊರಿನಲ್ಲಿ ಯಾರದೋ ಮದುವೆ ಇದ್ದದ್ದರಿಂದ ಚಿಪ್ಪು ಬಿಡಿಸುವ ಹೆಂಗಸರು ಬಂದಿರಲಿಲ್ಲ. ಎರಡು ದಿನ ಬರೀ ಮಟ್ಟೆ ಸುಲಿದು ರಾಶಿ ಹಾಕಿದರು. ಮೂರನೇ ದಿನ ಒಡೆಯಲು ಕೂತರೆ ಅರ್ಧಕ್ಕರ್ಧ ಹಸಿ. ಅಷ್ಟನ್ನೂ ಬೆಲ್ಲ ಹಚ್ಚಿ ತಿನ್ನುವುದು ಸಾಧ್ಯವೇ? ಯಾರೂ ನಗಲಿಲ್ಲವಂತೆ. ಮಗ ಒಂದು ಮಾತು ಆಡಲಿಲ್ಲವಂತೆ. ದೊಡ್ಡವ್ವ ತಾನಾಗಿಯೇ ಮಣೆ ಎತ್ತಿಕೊಂಡು ಒಳಗೆ ಹೋದವಳು ಮತ್ತೆ ಅಂಗಳಕ್ಕೆ ಬರಲಿಲ್ಲ.

"ಇನ್ನೊಬ್ಬರನ್ನ ಕೂರಿಸ್ಕೊಬೋದಿತ್ತಲ್ಲ ನನ್ನ ಬದಲು?" ಅಂದೆ.

"ನಾನೂ ಅಂಗೇ ಕೇಳ್ದೆ ಅಕ್ಕ, ಕೂಗಿ ಕೂಗಿ. ಅದಕ್ಕೆ ಅಂದ್ರು, ಬ್ಯಾರೆಯವರಾದ್ರೆ ಊರಿಗೆಲ್ಲ ಹೇಳ್ತಾರೆ, ಆ ಹುಡುಗಿ ಯಾರ ಹತ್ರಾನೂ ಮಾತಾಡ್ತಿರಲಿಲ್ಲ, ಅದಕ್ಕೇ ಅವಳನ್ನ ಕರ್ಕೊಂಡ್ ಬಂದೆ ಅಂತ. ಎರಡು ವರ್ಷ ಆ ಹುಡುಗಿ ನನ್ನ ಮರ್ವಾದೆ ಕಾದ್ಲು ಅನ್ನೋರು."

ನನ್ನ ಕೈಯಲ್ಲಿದ್ದ ಮಜ್ಜಿಗೆಯ ಲೋಟ ಹಾಗೇ ಉಳಿಯಿತು. ಏಣಿಯ ಬುಡದ ಆ ಮಧ್ಯಾಹ್ನ ನೆನಪಾಯಿತು. ನನ್ನ ಟ್ರಂಕಿನ ಸೀರೆಗಳ ಕಥೆ... ಅದನ್ನು ಅವಳಿಗೆ ಹೇಳಿ ನಾನು ಹಗುರಾಗಿದ್ದೆ. ಅದರ ಬಗ್ಗೆ ದೊಡ್ಡವ್ವ ಏನಾದರೂ ಹೇಳಿದ್ದಳಾ ಎಂದು ಸೊಸೆಯನ್ನು ಕೇಳಿಯೇಬಿಟ್ಟೆ.

"ಹೂಂ, ಹೇಳಿದ್ರು. ಆ ಹುಡುಗಿ ಒಂದಿನ ಏನೋ ಬಾಳ ಹೊತ್ತು ಹೇಳ್ಕಂಡು ಅತ್ತಳು, ಒಂದಕ್ಷರ ಕಿವಿಗೆ ಬೀಳ್ಳಿಲ್ಲ. ಅಷ್ಟು ಅಳ್ತಾ ಇರೋಳಿಗೆ ಇನ್ನೊಂದ್ಸಲ ಹೇಳು ಅಂತ ಹೆಂಗನ್ನಲಿ, ಬೆನ್ನ ಮೇಲೆ ಕೈ ಇಟ್ಕಂಡು ಕೂತಿದ್ದೆ ಅಂದ್ರು."

ಮೊದಲು ನನಗೆ ಮೋಸಹೋದೆ ಅನ್ನಿಸಿತು. ಒಂದು ಕ್ಷಣ ಸಿಟ್ಟೂ ಬಂತು. 'ಮುಂದಿನ ಕಾಯಿ' ಎಂದದ್ದು ದೊಡ್ಡತನವಲ್ಲ, ಅವಳಿಗೆ ಆ ಪ್ರಶ್ನೆಯೇ ಕೇಳಿಸಿರಲಿಲ್ಲ ಎಂದು ಹೊಳೆದು ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಸೊಸೆ ಲೋಟ ಈಸಿಕೊಂಡು ಒಳಗೆ ಹೋದಳು.

ಕೇಳಿಸದಿದ್ದರೂ ನನಗೆ ಆದದ್ದು ಆಯಿತು. ಪಕ್ಕದಲ್ಲಿ ಒಂದು ಮೈ ಇತ್ತು, ಬೆನ್ನ ಮೇಲೆ ಒಂದು ಕೈ ಇತ್ತು, ನನ್ನ ಮಾತಿಗೆ ಕಾದು ಕೂತ ಒಂದು ಅಂಗಳವಿತ್ತು. ನಾನು ಎದ್ದು ನಿಂತದ್ದು ಅಷ್ಟರಿಂದಲೇ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಷ್ಟೇ ಅವಳಿಗೂ ಬೇಕಾಗಿತ್ತು. ಏಣಿಯ ಬುಡದ ಆ ಜಾಗ ಹೋದರೆ ತನಗೆ ಉಳಿಯುವುದು ಒಳಗಿನ ಕೋಣೆ ಎಂದು ಹೆದರಿದ್ದಳು. ಕೋಣೆ ಸೇರುವುದು ಎಂದರೇನೆಂದು ಊರಿನಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತು. ಎರಡು ವರ್ಷ ಅವಳ ಕಿವಿಗೆ ಅಂಟಿಕೊಂಡೇ ಕೂತಿದ್ದೆ. ಆ ಕಿವಿ ಕೇಳುವುದಿಲ್ಲ ಎಂದು ಗಮನಿಸಲಿಲ್ಲ. ತಲೆ ಬಾಚದೆ ಮಂಚದ ಮೇಲೆ ಕೂತಿದ್ದವಳನ್ನು ಕಂಡಾಗಲೂ ಬಸ್ಸಿನ ಯೋಚನೆಯಲ್ಲಿದ್ದೆ. ಅವಳು ನನ್ನನ್ನು ಕೋಣೆಯಿಂದ ಆಚೆ ತಂದಳು, ಅವಳು ಕೋಣೆ ಸೇರಿದಾಗ ನಾನು ಮುಂದಿನ ಸಲ ಎಂದು ಹೇಳಿ ಬಂದೆ. ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬರುವುದಿಲ್ಲ.

ಇದೆಲ್ಲ ಆಗಿ ನಲವತ್ತು ವರ್ಷದ ಮೇಲಾಯಿತು. ಅಟ್ಟದಮನೆಯನ್ನು ಕೆಡವಿ ತಾರಸಿ ಮನೆ ಕಟ್ಟಿದ್ದಾರೆ. ಏಣಿ ಏನಾಯಿತೋ ತಿಳಿಯದು.

ಹೋದ ವಾರ ನೆಲದ ಮೇಲೆ ಕೂತವಳು ಹೇಗೋ ಕುರ್ಚಿ ಹಿಡಿದು ಎದ್ದೆ. ಚೀಲದ ಕಾಯಿಗಳನ್ನು ಒಂದೊಂದಾಗಿ ಎಡಗಿವಿಗೆ ಹಿಡಿದು ನೋಡಿದೆ. ಎಲ್ಲ ಆಗಿದ್ದವು, ಒಂದನ್ನು ಬಿಟ್ಟು. ಅದು ಏನೂ ಅನ್ನಲಿಲ್ಲ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ದಬ್ಬೇಘಟ್ಟದ ಶಿಷ್ಯೆಗೆ ಫೋನು ಮಾಡಿದೆ.

"ಏನ್ ಟೀಚರ್, ಕಾಯಿ ನೋಡಿದ್ರಾ? ಹೋಗೋವಾಗ ಹೇಳಿದ್ನಲ್ಲ..." ಎಂದು ಶುರು ಮಾಡಿದಳು. ಫೋನನ್ನು ಎಂದಿನಂತೆ ಬಲಗಿವಿಗೇ ಹಿಡಿದಿದ್ದೆ, ಮುಂದಿನದು ಮತ್ತೆ ಗೊಣಗೊಣ. ಅಭ್ಯಾಸಬಲದಿಂದ ಹೂಂ ಎನ್ನಲು ಬಾಯಿ ತೆರೆದೆ. ಮುಚ್ಚಿದೆ.

"ತಾಳು," ಅಂದೆ. "ನೀನು ಅವತ್ತು ಗೇಟಿನ ಹತ್ರ ಹೇಳಿದ್ದು ನನಗೆ ಕೇಳಿಸಲಿಲ್ಲ ಕಣೇ. ಸುಮ್ಮನೆ ತಲೆ ಆಡಿಸಿದೆ. ನನಗೆ ಬಲಗಿವಿ ಹೋಗಿದೆ. ಯಾರಿಗೂ ಹೇಳಿಲ್ಲ."

ಆ ಕಡೆಯಿಂದ ಅವಳು, ಬಾಲ್ಯದಲ್ಲಿ ಅಳುತ್ತಿದ್ದಷ್ಟೇ ಗಟ್ಟಿಯಾಗಿ ಕೂಗಿದಳು: "ಅಷ್ಟೇನಾ ಟೀಚರ್? ಮೊದ್ಲೇ ಹೇಳ್ಬಾರದಾ? ನಾಳಿದ್ದು ಬತ್ತೀನಿ, ಡಾಕ್ಟ್ರ ಹತ್ರ ಒಟ್ಟಿಗೆ ಹೋಗನ."

ಅಷ್ಟೇ ಆಗಿತ್ತು ಆ ಮಾತು. ದೊಡ್ಡವ್ವನೂ ಅದನ್ನು ಹೇಳಿಕೊಳ್ಳಬಹುದಿತ್ತು, ಅವಳ ಪಕ್ಕದಲ್ಲಿ ಎರಡು ವರ್ಷ ನಾನಿದ್ದೆ.